ಆಂಡ್ರೂ ಬೆಲ್ ಪಾದ್ರಿಯ ಚರಿತ್ರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಸೀಮೆಯ ತಂದೆತಾಯಿಗಳಲ್ಲಿ ಅನೇಕರು ತಮ್ಮ ಮಕ್ಕಳನ್ನು ವಸತಿ ಶಾಲೆಗಳಲ್ಲಿ ಬಿಟ್ಟು ಓದಿಸುತ್ತಾರೆ. ಹುಡುಗನ ಮೇಲೆ ದೂರು ಬಂದರೆ, ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾದರೆ, ಹುಡುಗನ ಬುದ್ಧಿಯೇ ಕೆಟ್ಟದ್ದೆಂದು ಒಬ್ಬರೂ, ಬೆತ್ತದ ಭಯವಿಲ್ಲದ್ದರಿಂದ ಕೆಟ್ಟನೆಂದು ಇನ್ನೊಬ್ಬರೂ ಹೇಳುವುದುಂಟು. ಇಂಥ ಮಾತೇ 1789ರಲ್ಲಿ ಮದ್ರಾಸಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ ನಡೆದಿತ್ತು. ಆ ಶಾಲೆಯನ್ನು ತಿದ್ದಿದವನ ಚರಿತ್ರೆಯನ್ನು ಕೇಳಿರಿ.

ಆಂಡ್ರೂ ಬೆಲ್ಲನು 1753ರಲ್ಲಿ ಸ್ಕಾಟ್ಲೆಂಡ್ ದೇಶದ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ಕ್ಷೌರಿಕನ ಮಗನಾಗಿ ಹುಟ್ಟಿದನು. ಬಾಲ್ಯದಲ್ಲಿ ಅವನಿಗೆ ಪಾಠವು ಬಾಯಿಗೆ ಬರುತ್ತಿರಲಿಲ್ಲ. ಈ ದಿನ ಏಟು ಬೀಳುವುದೋ ಇಲ್ಲವೋ ಎಂದು ನಡುಗುತ್ತಲೇ ದಿನಾಲೂ ಶಾಲೆಗೆ ಹೋಗುತ್ತಿದ್ದನು. ಆ ನಡುಕವನ್ನು ಅವನು ಮುದುಕನಾದ ಮೇಲೂ ಮರೆಯಲಿಲ್ಲ. ಪ್ರಾಯದಲ್ಲಿ ಅಮೇರಿಕದ ವರ್ಜೀನಿಯಕ್ಕೆ ಹೋಗಿ ಮಕ್ಕಳಿಗೆ ಪಾಠ ಹೇಳಿದನು. ಹಿಂದಿರುಗುವಾಗ ಹಡಗು ಒಡೆದು ಕಷ್ಟಪಟ್ಟನು. ಊರಿಗೆ ಬಂದು ಪಾದ್ರಿಯಾದನು. 1787ರಲ್ಲಿ ಕಲ್ಕತ್ತೆಗೆಂದು ಹಡಗು ಹತ್ತಿದವನು ಮದ್ರಾಸಿನಲ್ಲಿಯೇ ಇಳಿದು ನಿಂತನು.

ಅಲ್ಲಿನ ಎಗ್ಮೋರಿನಲ್ಲಿ ಸಿಪಾಯಿಗಳ ಅನಾಥ ಗಂಡುಮಕ್ಕಳಿಗಾಗಿ ಒಂದು ವಸತಿ ಶಾಲೆ ತೆರೆಯಲ್ಪಟ್ಟಿತು. ಮಕ್ಕಳ ತಂದೆಗಳು ಯುರೋಪಿನವರು, ತಾಯಂದಿರಲ್ಲಿ ಹೆಚ್ಚಿನವರು ಈ ದೇಶದವರು. ಇಂಥ ಹುಡುಗರು ಸುಳ್ಳರು, ಹಟಮಾರಿಗಳು, ಇವರಿಗೆ ವಿದ್ಯೆ ಹತ್ತದು ಎಂಬದು ಆಗಿನ ದೊಡ್ಡವರ ಅಭಿಪ್ರಾಯವಾಗಿತ್ತು. ಬೆಲ್ಲನು ಶಾಲೆಯ ಮೇಲ್ವಿಚಾರಕನಾದಾಗ ಅದಕ್ಕೆ ಗೊತ್ತಾಗಿದ್ದ ಸಂಬಳವನ್ನು ಬೇಡವೆಂದನು. ಹುಡುಗರ ತಂಟೆ, ಪಾಠದ ಮಂದತನ ಎರಡನ್ನೂ ನೋಡಿದನು. ತಪ್ಪು ಮಕ್ಕಳಲ್ಲಿ ಅಲ್ಲ, ಕಲಿಸುವ ರೀತಿಯಲ್ಲಿ ಇದೆ ಎಂದು ಅವನಿಗೆ ತೋರಿತು.

ಒಂದು ಮುಂಜಾನೆ ಕುದುರೆಯ ಮೇಲೆ ಹೋಗುತ್ತಿರುವಾಗ, ಊರ ಶಾಲೆಯೊಂದರಲ್ಲಿ ಮಕ್ಕಳು ನೆಲದಲ್ಲಿ ಕುಳಿತು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡನು. ಕಾಗದವಿಲ್ಲ, ಖರ್ಚಿಲ್ಲ, ತಪ್ಪಿದರೆ ಅಳಿಸಿ ಮತ್ತೆ ಬರೆಯಬಹುದು. ಸಂತೋಷದಿಂದ ಓಡಿಬಂದು ತನ್ನ ಉಪಾಧ್ಯಾಯರಿಗೆ ಹೀಗೆಯೇ ಮಾಡಿರೆಂದನು. ಅವರಿಗೆ ಅದು ಹಿಡಿಸಲಿಲ್ಲ. ಆಗ ಅವನು ಜಾನ್ ಫ್ರಿಸ್ಕನ್ ಎಂಬ ಎಂಟು ವರುಷದ ಸಿಪಾಯಿಯ ಮಗನನ್ನು ಕರೆದು ಅಕ್ಷರ ಕಲಿಯುವ ತರಗತಿಯನ್ನು ಅವನ ಕೈಗೆ ಕೊಟ್ಟನು. ದೊಡ್ಡವರು ಆಗದೆಂದದ್ದನ್ನು ಆ ಬಾಲಕನು ಮಾಡಿ ತೋರಿಸಿದನು. ಅಂದಿನಿಂದ ತರಗತಿಗೊಬ್ಬ ಹುಡುಗ ಗುರು. ತಿಳಿದವನು ತಿಳಿಯದವನ ಪಕ್ಕದಲ್ಲಿ ಜೊತೆಯಾಗಿ ಕೂಡ್ರುವನು. ಚೆನ್ನಾಗಿ ಓದಿದವನು ಸಾಲಿನಲ್ಲಿ ಮೇಲಕ್ಕೆ ಏರುವನು.

ಶಿಸ್ತಿನ ಕಾರ್ಯವನ್ನೂ ಹೀಗೆಯೇ ನಡೆಸಿದನು. ತಪ್ಪು ಮಾಡಿದವನ ಹೆಸರನ್ನು ಒಂದು ಕಪ್ಪು ಪುಸ್ತಕದಲ್ಲಿ ಬರೆಯುವರು. ವಾರಕ್ಕೊಮ್ಮೆ ಇಡೀ ಶಾಲೆಯ ಮುಂದೆ ಅದನ್ನು ಓದುವರು. ಹುಡುಗರೊಳಗಿಂದಲೇ ಆರಿಸಿದ ಪಂಚರು ವಿಚಾರಿಸಿ ತೀರ್ಪು ಕೊಡುವರು. ತಿಂಗಳುಗಟ್ಟಲೆ ಯಾವನನ್ನೂ ದಂಡಿಸುವ ಅವಶ್ಯ ಬೀಳಲಿಲ್ಲವೆಂದು ಬೆಲ್ಲನು ಬರೆದಿಟ್ಟನು. ಈ ಶಾಲೆಯ ವಿಲಿಯಂ ಸ್ಮಿತ್ ಎಂಬ ಹುಡುಗನು, 1794ರಲ್ಲಿ ಒತ್ತೆಯಾಗಿದ್ದ ರಾಜಕುಮಾರರನ್ನು ಟಿಪ್ಪು ಸುಲ್ತಾನನಿಗೆ ಒಪ್ಪಿಸಹೋದವರ ಸಂಗಡ ಹೋಗಿ, ಸುಲ್ತಾನನ ಮುಂದೆಯೇ ವಿಜ್ಞಾನದ ಪ್ರಯೋಗಗಳನ್ನು ಮಾಡಿ ತೋರಿಸಿದನು. ವಿದ್ಯೆ ಹತ್ತದೆಂದು ಕೈಬಿಟ್ಟವರಲ್ಲಿ ಇವನೂ ಒಬ್ಬನು!

ನಮ್ಮ ಸೀಮೆಗೂ ಈ ಸಂಗತಿಗೂ ಸಂಬಂಧವುಂಟು. ಈ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯೊಳಗಿದ್ದ ಕಾಲದಲ್ಲಿ, 1823ರಲ್ಲಿ, ಕಲೆಕ್ಟರ್ ಕ್ಯಾಂಬೆಲ್ ದೊರೆಯು ಶಾಲೆಗಳನ್ನು ಎಣಿಸಿದನು. 9,27,857 ಜನರಿಗೆ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅವರಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ. ಕನ್ನಡ ಶಾಲೆಗಳು 235. ಮುಂಜಾನೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಿತ್ತು. ಸೋಮಾರಿಯನ್ನು ಕೈಕಟ್ಟಿ ಮಾಡಿಗೆ ತೂಗಹಾಕುವ ಕೋದಂಡವೂ ಇತ್ತು. ಆದರೂ ಮುಂದುವರಿದ ಹುಡುಗನು ಚಿಕ್ಕವರಿಗೆ ಕಲಿಸುತ್ತಾ ತನ್ನ ಪಾಠವನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಆ ದೊರೆಯು ಬಹಳ ಮೆಚ್ಚಿ, ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ಯೋಗ್ಯವೆಂದನು. ಬೆಲ್ಲನಾದರೋ ಮರಳನ್ನು ಮಾತ್ರ ಇಲ್ಲಿಯವರಿಂದ ಕಲಿತದ್ದೆಂದು ಒಪ್ಪಿ, ಉಳಿದದ್ದನ್ನು ತನ್ನದೇ ಎಂದು ಹೇಳಿಕೊಳ್ಳುತ್ತಿದ್ದನು. ನಮ್ಮ ಹಿರೇಮಣಿಗಳಿಗೆ ಸಲ್ಲಬೇಕಾದ ಮಾನ ಪೂರ್ತಿಯಾಗಿ ಸಲ್ಲಲಿಲ್ಲವೆಂದು ನಮಗೆ ತೋರುತ್ತದೆ.

1796ರಲ್ಲಿ ಸ್ವದೇಶಕ್ಕೆ ಹೋಗಿ ಮರುವರುಷ ತನ್ನ ಪದ್ಧತಿಯನ್ನು ಅಚ್ಚುಹಾಕಿಸಿದನು. 1811ರಲ್ಲಿ ಹುಟ್ಟಿದ ನ್ಯಾಷನಲ್ ಸೊಸೈಟಿಯು ಬಡವರ ಮಕ್ಕಳಿಗಾಗಿ ಈ ಮದ್ರಾಸ್ ಪದ್ಧತಿಯ ಶಾಲೆಗಳನ್ನು ದೇಶದಲ್ಲೆಲ್ಲಾ ತೆರೆಯಿತು. ಎದುರಾಳಿಯಾದ ಲ್ಯಾಂಕಾಸ್ಟರನು ಇಂಥದೇ ಪದ್ಧತಿಯನ್ನು ನಡೆಸಿದರೂ, ತುಂಟರನ್ನು ಬುಟ್ಟಿಯಲ್ಲಿ ಕೂಡ್ರಿಸಿ ಮಾಡಿಗೆ ತೂಗಹಾಕುತ್ತಿದ್ದನು. ಕೋದಂಡವು ಸಮುದ್ರದಾಚೆಗೂ ಇತ್ತೆಂದಾಯಿತು. ಈ ಪದ್ಧತಿಯಲ್ಲಿ ಕೊರತೆಯೂ ಇದ್ದಿತು. ಬಾಲಗುರುವಿಗೆ ತಿಳಿದದ್ದಕ್ಕಿಂತ ಹೆಚ್ಚು ಶಿಷ್ಯನಿಗೆ ಹೇಗೆ ಬಂದೀತು? ಬಾಯಿಪಾಠ ಬೆಳೆಯಿತು, ಅರ್ಥಜ್ಞಾನ ಬೆಳೆಯಲಿಲ್ಲ. ಆದದರಿಂದ 1846ರ ತರುವಾಯ ಅಲ್ಲಿ ತರಬೇತಿ ಹೊಂದಿದ ಉಪಾಧ್ಯಾಯರ ಕ್ರಮವು ಬಂದಿತು.

ಬೆಲ್ಲನು ದೋಷವಿಲ್ಲದವನಲ್ಲ. ಹಣದ ಆಶೆಯೂ ಹೊಗಳಿಕೆಯ ಆಶೆಯೂ ಅವನಲ್ಲಿ ಬಲವಾಗಿದ್ದವು, ಸಂಸಾರವು ಮುರಿಯಿತು, ಮಕ್ಕಳೊಂದಿಗೆ ಮೃದುವಾಗಿದ್ದವನು ಉಪಾಧ್ಯಾಯರೊಂದಿಗೆ ಬಿರುಸಾಗಿದ್ದನು. ಕೂಡಿಟ್ಟ ಒಂದು ಲಕ್ಷ ಇಪ್ಪತ್ತು ಸಾವಿರ ಪೌಂಡುಗಳನ್ನು ಕಡೆಗಾಲದಲ್ಲಿ ಹೆಚ್ಚಾಗಿ ಸ್ಕಾಟ್ಲೆಂಡಿನ ಶಾಲೆಗಳಿಗೆ ಕೊಟ್ಟು, 1832ರ ಜನವರಿ 27ರಂದು ತೀರಿಹೋದನು. ಅವನ ದೇಹವನ್ನು ಲಂಡನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಹೂಣಿದರು. ನಡುಗುತ್ತಾ ಓದಿದ ಅವನ ಹುಟ್ಟೂರಿನಲ್ಲಿ ಮರುವರುಷ ಆ ಹಣದಿಂದ ಒಂದು ಶಾಲೆಯು ಸ್ಥಾಪಿತವಾಯಿತು. ಅದಕ್ಕೆ ಮದ್ರಾಸ್ ಕಾಲೇಜು ಎಂದು ಹೆಸರಿಟ್ಟರು; ಆ ಹೆಸರು ಇಂದಿಗೂ ಇದೆ.