ದೂರದಿಂದ ಕರೆಂಟ್ ತಂದ ದಿವಾನರು: ಸರ್ ಕೆ. ಶೇಷಾದ್ರಿ ಅಯ್ಯರ್

ಈ ತಿಂಗಳ ಭಿತ್ತಿಪತ್ರಿಕೆಗೆ ನಾನು ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯುತ್ತಿದ್ದೇನೆ. ಇವರು ವಿಜ್ಞಾನಿಯಲ್ಲ, ಇಂಜಿನಿಯರೂ ಅಲ್ಲ. ಆದರೂ ನಮ್ಮ ನಾಡಿನ ಕರೆಂಟಿನ ಕಥೆ ಹೇಳಬೇಕಾದರೆ ಇವರಿಂದಲೇ ಶುರು ಮಾಡಬೇಕು. ಅವರೇ ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್.

ಇವರು 1845ನೇ ಇಸವಿ ಜೂನ್ 1ರಂದು ಈಗಿನ ಕೇರಳದ ಪಾಲಕ್ಕಾಡ್ ಕಡೆ ಜನಿಸಿದರು. ಮದ್ರಾಸಿನಲ್ಲಿ ಓದಿ 1868ರಲ್ಲಿ ಬಿ.ಎ. ಪಾಸಾದರು. ಅದೇ ವರ್ಷ ಮೈಸೂರು ಸಂಸ್ಥಾನದ ನೌಕರಿಗೆ ಸೇರಿ ಒಂದೊಂದೇ ಮೆಟ್ಟಿಲು ಮೇಲೇರಿದರು. 1883ರಲ್ಲಿ ದಿವಾನ ರಂಗಾಚಾರ್ಲು ಅವರು ತೀರಿಕೊಂಡ ಮೇಲೆ ಇವರೇ ದಿವಾನರಾದರು. 18 ವರ್ಷ ಆ ಪದವಿಯಲ್ಲಿದ್ದರು. ಬೆಂಗಳೂರಿಗೆ ಹೆಸರಘಟ್ಟದ ಕುಡಿಯುವ ನೀರು ಬಂದದ್ದು, ಮಾರಿಕಣಿವೆ ಆಣೆಕಟ್ಟಿನ ಕೆಲಸ ಶುರುವಾದದ್ದು ಇವರ ಕಾಲದಲ್ಲಿಯೇ. ಆಗ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲಾ ನಿಜಾಮರ ರಾಜ್ಯದಾಗ ಇದ್ದವು. ಅದಕ್ಕೇ ನಮ್ಮ ಕಡೆ ಇವರ ಹೆಸರು ಕೇಳಿದವರು ಕಡಿಮೆ.

ಆಗ ಕೋಲಾರದ ಚಿನ್ನದ ಗಣಿಗಳಲ್ಲಿ ಉಗಿ ಯಂತ್ರಗಳಿದ್ದವು. ಅವುಗಳಿಗೆ ಕಲ್ಲಿದ್ದಲನ್ನು ದೂರದಿಂದ ತರಿಸಬೇಕು, ಖರ್ಚು ಬಹಳ. ಇತ್ತ ಶಿವನಸಮುದ್ರದಲ್ಲಿ ಕಾವೇರಿ ನದಿ ಸುಮ್ಮನೆ ಧುಮುಕಿ ಹೋಗ್ತಿತ್ತು. ಆ ನೀರಿನಿಂದ ಕರೆಂಟ್ ಮಾಡಬಹುದು. ಆದರೆ ನೀರು ಒಂದು ಕಡೆ, ಗಣಿ ಇನ್ನೊಂದು ಕಡೆ. ನಡುವೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಸೇಡಂನಿಂದ ಕಲಬುರಗಿಗೆ ಹೋಗಿ ಬಂದರೂ ಅಷ್ಟು ದೂರ ಆಗುವುದಿಲ್ಲ!

ದೂರ ಆದರೆ ಏನು ತೊಂದರೆ ಅಂತ ನಾನು ನಮ್ಮ ವಿಜ್ಞಾನದ ಗುರುಗಳನ್ನು ಕೇಳಿದೆ. ವಿದ್ಯುತ್ ಪ್ರವಾಹ ಹರಿಯುವಾಗ ತಂತಿ ಬಿಸಿಯಾಗುತ್ತದೆ. ಆ ಬಿಸಿಯೆಲ್ಲಾ ನಷ್ಟ. ಪ್ರವಾಹ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಆದ್ದರಿಂದ ಪ್ರವಾಹ ಕಡಿಮೆ ಮಾಡಬೇಕು, ಆದರೆ ಶಕ್ತಿ ಕಡಿಮೆ ಆಗಬಾರದು. ಇದಕ್ಕೆ ಗುರುಗಳು ಸಂತೆಯ ಲೆಕ್ಕ ಹೇಳಿಕೊಟ್ಟರು. ಐನೂರು ರೂಪಾಯಿಯನ್ನು ಒಂದೊಂದು ರೂಪಾಯಿ ನಾಣ್ಯವಾಗಿ ಒಯ್ದರೆ ಚೀಲ ಭಾರ, ದಾರಿಯಲ್ಲಿ ಉದುರುತ್ತವೆ. ಐನೂರರ ಒಂದೇ ನೋಟು ಮಾಡಿಸಿ ಒಯ್ದು, ಸಂತೆಯಲ್ಲಿ ಚಿಲ್ಲರೆ ಮಾಡಿಸಿದರೆ ಆಯಿತು. ನೋಟಿನ ಬೆಲೆ ಇದ್ದಂತೆ ವೋಲ್ಟು, ಎಣಿಕೆ ಇದ್ದಂತೆ ಪ್ರವಾಹ. ಎರಡನ್ನೂ ಗುಣಿಸಿದರೆ ಶಕ್ತಿ.

ಹೀಗೆ ನೋಟು ಮಾಡಿಸುವ, ಚಿಲ್ಲರೆ ಮಾಡಿಸುವ ಸಾಧನವೇ ಟ್ರಾನ್ಸ್‌ಫಾರ್ಮರ್. ಕಬ್ಬಿಣದ ಚೌಕಟ್ಟಿಗೆ ಎರಡು ತಂತಿ ಸುರುಳಿ ಸುತ್ತಿರುತ್ತಾರೆ. ಎರಡನೆಯ ಸುರುಳಿಯಲ್ಲಿ ಸುತ್ತು ಹೆಚ್ಚಿದ್ದರೆ ವೋಲ್ಟು ಹೆಚ್ಚುತ್ತದೆ, ಸುತ್ತು ಕಡಿಮೆ ಇದ್ದರೆ ಇಳಿಯುತ್ತದೆ. ಒಂದರ ತಂತಿ ಇನ್ನೊಂದಕ್ಕೆ ಮುಟ್ಟುವುದೇ ಇಲ್ಲ! ಅಯಸ್ಕಾಂತ ಶಕ್ತಿಯಿಂದಲೇ ದಾಟುತ್ತದೆ. ಇದರ ಮೂಲವನ್ನು ಇಂಗ್ಲೆಂಡಿನ ಮೈಕಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದರು. ಆದರೆ ಪ್ರವಾಹ ಹಿಂದೆ ಮುಂದೆ ಬದಲಾಗುತ್ತಿದ್ದರೆ ಮಾತ್ರ ಇದು ನಡೆಯುತ್ತದೆ. ಬ್ಯಾಟರಿಯನ್ನು ನೇರವಾಗಿ ಹಚ್ಚಿದರೆ ನಡೆಯುವುದಿಲ್ಲ.

ಡಿ ಲೋಟ್‌ಬಿನಿಯೇರ್ ಎಂಬ ಇಂಜಿನಿಯರು ಯೂರೋಪು, ಅಮೆರಿಕಕ್ಕೆ ಹೋಗಿ ಇಂಥ ಕೆಲಸ ನೋಡಿಕೊಂಡು ಬಂದರು. ಅಷ್ಟು ದೂರದ ಲೈನು ನಮ್ಮ ದೇಶದಲ್ಲಿ ಆಗ ಎಲ್ಲಿಯೂ ಇರಲಿಲ್ಲ. ಆದರೂ ದಿವಾನರು ಹಿಂಜರಿಯದೆ ಸಂಸ್ಥಾನದ ಹಣ ಹಾಕಿಸಿದರು. ಶಿವನಸಮುದ್ರದಲ್ಲಿ ಸುಮಾರು 2,200 ವೋಲ್ಟಿನಲ್ಲಿ ಹುಟ್ಟಿದ ಕರೆಂಟನ್ನು ಟ್ರಾನ್ಸ್‌ಫಾರ್ಮರಿನಿಂದ ಸುಮಾರು 35,000 ವೋಲ್ಟಿಗೆ ಏರಿಸಿ ಕಳಿಸುವುದು, ಗಣಿಯ ಹತ್ತಿರ ಮತ್ತೆ ಇಳಿಸುವುದು. ಇದರಿಂದ ತಂತಿಯ ನಷ್ಟ ಇನ್ನೂರಕ್ಕೂ ಹೆಚ್ಚು ಪಟ್ಟು ಕಮ್ಮಿ ಆಗ್ತದೆ.

1902ರ ಜೂನ್ 30ರಂದು ಕೋಲಾರದ ಗಣಿಗೆ ಕರೆಂಟ್ ಮುಟ್ಟಿತು. ಆದರೆ ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಆರೋಗ್ಯ ಕೆಟ್ಟು 1901ರಲ್ಲಿ ಹುದ್ದೆ ಬಿಟ್ಟು, ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡಿದ್ದರು. ಇನ್ನು ಹತ್ತು ತಿಂಗಳು ಬದುಕಿದ್ದರೆ ನೋಡುತ್ತಿದ್ದರು ಎಂದು ಓದಿದಾಗ ನನಗೆ ಬಹಳ ಕೆಟ್ಟೆನಿಸಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿ ದೀಪಗಳೂ ಅದೇ ಕರೆಂಟಿನಿಂದ ಹತ್ತಿದವು. ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆ ಇದೆ.

ಶಹಾಬಾದ, ವಾಡಿ ಕಡೆ ಹೋಗುವಾಗ ನಾವು ನೋಡುವ ಎತ್ತರದ ಟವರುಗಳಲ್ಲಿಯೂ ಇದೇ ಉಪಾಯ ಅದ. ನಮ್ಮೂರ ಟಿ.ಸಿ. 11,000 ವೋಲ್ಟನ್ನು ಇಳಿಸಿ ಮನೆಗೆ 230 ವೋಲ್ಟು ಕೊಡುತ್ತದೆ. ಮ್ಯಾಲಿನ ತಂತಿಯಲ್ಲಿ 11,000 ಇರುತ್ತದೆ ಎಂದು ಮರೆಯಬೇಡಿರಿ. ಟಿ.ಸಿ. ಕಂಬಕ್ಕೆ ಎಮ್ಮೆ ಕಟ್ಟಬೇಡಿರಿ, ಚೆಂಡು ಅಲ್ಲಿ ಬಿದ್ದರೆ ತರಲು ಹೋಗಬೇಡಿರಿ, ತಮ್ಮ ತಂಗಿಯರಿಗೂ ಹೇಳಿರಿ.

– ಏಳನೆಯ ತರಗತಿ ವಿದ್ಯಾರ್ಥಿನಿ