ಹಂದಿಮಾಂಸದ ಹುಳು ಮತ್ತು ಡಾಕ್ಟರ್ ವಿರ್ಚೋ

ಜೀವಕೋಶದ ಪಾಠ ಓದಿದ ಹೈಸ್ಕೂಲು ಮಕ್ಕಳಿಗೆ ರುಡಾಲ್ಫ್ ವಿರ್ಚೋ ಅವರ ಹೆಸರು ಹೊಸದಲ್ಲ. ಇರುವ ಕೋಶದಿಂದಲೇ ಹೊಸ ಕೋಶ ಹುಟ್ಟುತ್ತದೆಂಬ ತತ್ತ್ವವನ್ನು 1858ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಜರ್ಮನ್ ವಿದ್ವಾಂಸರವರು. ಕಟುಕರ ಅಂಗಡಿಗೂ ಅಡಿಗೆಮನೆಗೂ ಅವರು ಮಾಡಿದ ಉಪಕಾರ ಮಾತ್ರ ಬಹಳ ಮಂದಿಗೆ ತಿಳಿಯದು.

ಈಗ ಪೋಲೆಂಡಿಗೆ ಸೇರಿರುವ, ಅಂದು ಪ್ರಷ್ಯದಲ್ಲಿದ್ದ ಒಂದು ಸಣ್ಣ ಪಟ್ಟಣದಲ್ಲಿ 1821ನೇ ಅಕ್ಟೋಬರ್ 13ರಂದು ವಿರ್ಚೋ ಜನಿಸಿದರು. ಬರ್ಲಿನ್ನಿನಲ್ಲಿ ವೈದ್ಯಶಿಕ್ಷಣ ಮುಗಿಸಿದರು. 1848ರಲ್ಲಿ ಸೈಲೀಸಿಯ ಪ್ರಾಂತದಲ್ಲಿ ಟೈಫಸ್ ಜ್ವರ ಹಬ್ಬಿದಾಗ ಸರಕಾರ ಅವರನ್ನು ಅಲ್ಲಿಗೆ ಕಳುಹಿಸಿತು. ಬಡತನ, ಅವಿದ್ಯೆ, ಆಡಳಿತದ ಅಲಕ್ಷ್ಯ ಇವೇ ರೋಗದ ಬೇರುಗಳೆಂದು ಅವರು ವರದಿ ಬರೆದರು. ಅಲ್ಲಿಯ ಜನರ ಮಾತಾದ ಪೋಲಿಷ್ ಭಾಷೆಗೆ ಆಡಳಿತದಲ್ಲಿ ಸ್ಥಾನ ಕೊಡಬೇಕೆಂದೂ ಸೂಚಿಸಿದರು. ತಿಳಿವಳಿಕೆ ಜನರ ಭಾಷೆಯಲ್ಲಿ ಮನೆಬಾಗಿಲಿಗೆ ಬಾರದಿದ್ದರೆ ಔಷಧದಿಂದ ಫಲವಿಲ್ಲವೆಂಬುದನ್ನು ಅವರು ಅಂದೇ ಕಂಡುಕೊಂಡಿದ್ದರು.

ಜರ್ಮನಿಯಲ್ಲಿ ಹಂದಿಯ ಹಸಿಮಾಂಸವನ್ನು ಸಣ್ಣಗೆ ಕೊಚ್ಚಿ ಬ್ರೆಡ್ಡಿನ ಮೇಲೆ ಹಚ್ಚಿ ತಿನ್ನುವ ರೂಢಿಯಿತ್ತು. ಹಂದಿಯ ಸ್ನಾಯುವಿನಲ್ಲಿ ಟ್ರಿಕಿನ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವಿನ ಮರಿಗಳು ಗೂಡು ಕಟ್ಟಿಕೊಂಡು ಮಲಗಿರುತ್ತವೆ. 1835ರಲ್ಲಿಯೇ ಲಂಡನ್ನಿನ ಒಬ್ಬ ವೈದ್ಯವಿದ್ಯಾರ್ಥಿ ಮನುಷ್ಯನ ಶವದಲ್ಲಿ ಇವನ್ನು ಕಂಡಿದ್ದರೂ, ಇದು ಪ್ರಾಣ ತೆಗೆಯುವ ಹುಳುವೆಂದು ಯಾರೂ ಎಣಿಸಿರಲಿಲ್ಲ. 1860ರಲ್ಲಿ ಡ್ರೆಸ್ಡನ್ನಿನ ಆಸ್ಪತ್ರೆಯಲ್ಲಿ ಟೈಫಾಯ್ಡೆಂದು ಬಗೆದ ಕಾಯಿಲೆಯಿಂದ ಒಬ್ಬ ಮನೆಗೆಲಸದ ಹುಡುಗಿ ತೀರಿಕೊಂಡಳು. ಡಾಕ್ಟರ್ ಜೆಂಕರ್ ಅವರು ಪರೀಕ್ಷಿಸಿದಾಗ ಆಕೆಯ ಸ್ನಾಯುಗಳ ತುಂಬ ಈ ಹುಳು! ಆಕೆ ದುಡಿಯುತ್ತಿದ್ದ ಮನೆಯಲ್ಲಿ ಉಳಿದಿದ್ದ ಹಂದಿಮಾಂಸದಲ್ಲೂ ಅದೇ ಇತ್ತು. ಜೆಂಕರ್ ಕಳುಹಿಸಿದ ಸ್ನಾಯುವಿನ ತುಂಡನ್ನು ವಿರ್ಚೋ ಮೊಲಕ್ಕೆ ತಿನ್ನಿಸಿ, ರೋಗವು ಮಾಂಸದ ಮೂಲಕವೇ ಹರಡುವುದೆಂದು ಸಿದ್ಧಪಡಿಸಿದರು. ಕರುಳಿನಲ್ಲಿ ಬೆಳೆದ ಹುಳುಗಳು ಮರಿ ಹಾಕುತ್ತವೆ. ಮರಿಗಳು ರಕ್ತದೊಡನೆ ಸಾಗಿ ಸ್ನಾಯುಗಳನ್ನು ಸೇರುತ್ತವೆ. ಮೊದಲು ಹೊಟ್ಟೆನೋವು, ಭೇದಿ; ಆಮೇಲೆ ಜ್ವರ, ಕಣ್ಣುರೆಪ್ಪೆಗಳ ಊತ, ಮೈಕೈ ನೋವು.

ವಿರ್ಚೋ ಸುಮ್ಮನೆ ಕೂರಲಿಲ್ಲ. 1864ರಲ್ಲಿ ವೈದ್ಯರಿಗೂ ಜನಸಾಮಾನ್ಯರಿಗೂ ಅರ್ಥವಾಗುವ ಪುಸ್ತಕ ಬರೆದು, ಮಾಂಸವನ್ನು ಚೆನ್ನಾಗಿ ಬೇಯಿಸಿರಿ, ಕಡಿದ ಹಂದಿಯನ್ನೆಲ್ಲ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿರಿ ಎಂದು ತಿಳಿಹೇಳಿದರು. ಇದು ಬರಿಯ ಗಾಬರಿ, ವ್ಯಾಪಾರಕ್ಕೆ ಕುತ್ತು ಎಂದು ವಿರೋಧಿಸಿದವರೂ ಇದ್ದರು. ಮರುವರ್ಷ ಹೆಡರ್ಸ್‌ಲೆಬೆನ್ ಎಂಬ ಹಳ್ಳಿಯಲ್ಲಿ ಸುಮಾರು 337 ಮಂದಿ ಈ ರೋಗಕ್ಕೆ ತುತ್ತಾಗಿ 101 ಜನ ಸತ್ತರು. ಅಲ್ಲಿಂದ ಮುಂದೆ ಊರೂರುಗಳಲ್ಲಿ ತಪಾಸಣೆ ಬೆಳೆಯಿತು. ಸಾಮಾನ್ಯ ಜನರೇ ತರಬೇತಿ ಪಡೆದು, ಮಾಂಸದ ಚೂರನ್ನು ಎರಡು ಗಾಜಿನ ನಡುವೆ ಒತ್ತಿ ಹುಳು ಹುಡುಕುವುದನ್ನು ಕಲಿತರು. 1900ರಲ್ಲಿ ಇಡೀ ಜರ್ಮನಿಗೆ ಮಾಂಸ ತಪಾಸಣೆಯ ಕಾನೂನು ಬಂತು.

ವಿರ್ಚೋ ತಪ್ಪೇ ಮಾಡದವರಲ್ಲ. ರೋಗಾಣು ಸಿದ್ಧಾಂತವನ್ನು ಒಪ್ಪಲು ಬಹುಕಾಲ ಹಿಂಜರಿದರು. ಆದರೆ ಬರ್ಲಿನ್ ನಗರಸಭೆಯ ಸದಸ್ಯರಾಗಿ ಒಳಚರಂಡಿ, ಆಸ್ಪತ್ರೆಗಳಿಗಾಗಿ ಕೊನೆಯವರೆಗೂ ದುಡಿದರು. 1902ರ ಜನವರಿಯಲ್ಲಿ ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿಯಿತು. ಅದೇ ಸೆಪ್ಟೆಂಬರ್ 5ರಂದು ನಿಧನರಾದರು.

ನಮ್ಮ ನೆರೆಯ ಕೊಡಗಿನಲ್ಲೂ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲೂ ಹಂದಿಮಾಂಸವನ್ನು ಚೆನ್ನಾಗಿ ಬೇಯಿಸಿ ಉಣ್ಣುವ ರೂಢಿಯಿದೆ. ಅದನ್ನು ಬಿಡಬಾರದು. ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಕಾಯ್ದರೆ ಈ ಹುಳು ಉಳಿಯದು. ಹಸಿಮಾಂಸ ಕೊಯ್ದ ಕತ್ತಿಯನ್ನೂ ಮಣೆಯನ್ನೂ ತೊಳೆಯದೆ ತರಕಾರಿಗೆ ಬಳಸಬಾರದು. ನಮ್ಮ ದೇಶದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕಾದುದು ಹಂದಿಯ ಲಾಡಿಹುಳುವಿನ ಬಗ್ಗೆ. ಆ ಹುಳುವಿರುವವರ ಮಲದಿಂದ ಮೊಟ್ಟೆಗಳು ನೀರು, ಸೊಪ್ಪುಗಳನ್ನು ಸೇರಿದರೆ, ಹಂದಿ ಮುಟ್ಟದವರ ಮೆದುಳಿನಲ್ಲೂ ಗೂಡು ಕಟ್ಟಿ ಅಪಸ್ಮಾರ ತರಬಲ್ಲವು. ಆದುದರಿಂದ ಪಾಯಿಖಾನೆಯ ಬಳಕೆ, ಕೈ ತೊಳೆಯುವುದು, ಸೊಪ್ಪು ತೊಳೆಯುವುದು ಎಲ್ಲ ಮನೆಗಳಿಗೂ ಸೇರಿದ ಮಾತು. ಮಕ್ಕಳು ಇದನ್ನು ಶಾಲೆಯಲ್ಲಿ ಕಲಿತು ಮನೆಯಲ್ಲಿ ಹೇಳಿದರೆ ವಿರ್ಚೋ ಅವರ ಶ್ರಮ ಸಾರ್ಥಕ.