ತಂಪಿನ ಲೆಕ್ಕ ಬಿಡಿಸಿದ ಕಾರ್ಲ್ ಫಾನ್ ಲಿಂಡೆ

ಮಕ್ಕಳೇ, ನಿಮ್ಮ ಮನೆಯಲ್ಲಿ ಫ್ರಿಜ್ ಇದೆಯೇ? ಇಲ್ಲದಿದ್ದರೂ ಅದರ ಉಪಕಾರ ನಿಮಗೆ ಆಗಿಯೇ ಇದೆ. ನೀವು ಪುಟ್ಟ ಮಗುವಾಗಿದ್ದಾಗ ಹಾಕಿಸಿಕೊಂಡ ಪೋಲಿಯೊ ಹನಿ ಕೆಡದೆ ನಿಮ್ಮೂರಿಗೆ ಬಂದದ್ದು ತಂಪು ಪೆಟ್ಟಿಗೆಯಲ್ಲಿ. ಡೇರಿಗೆ ಹಾಕಿದ ಹಾಲು ಪಟ್ಟಣ ಸೇರುವವರೆಗೆ ಒಡೆಯದೆ ಉಳಿಯುವುದೂ ಶೀತಲ ಯಂತ್ರದಿಂದಲೇ. ಇಂತಹ ಯಂತ್ರವನ್ನು ನಂಬಿ ಬಳಸುವಂತೆ ಮಾಡಿದವರಲ್ಲಿ ಪ್ರಮುಖರು ಜರ್ಮನಿಯ ಕಾರ್ಲ್ ಫಾನ್ ಲಿಂಡೆ. ಅವರ ಕಥೆಯನ್ನು ಈಗ ತಿಳಿಯೋಣ.

ಪದವಿ ಇಲ್ಲದೆ ಹೊರಬಂದ ವಿದ್ಯಾರ್ಥಿ

ಲಿಂಡೆ ಹುಟ್ಟಿದ್ದು 1842ರ ಜೂನ್ 11ರಂದು, ಬವೇರಿಯಾದ ಬೆರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಮಗನೂ ಅದೇ ದಾರಿ ಹಿಡಿಯಲಿ ಎಂಬುದು ಮನೆಯವರ ಆಸೆ. ಆದರೆ ಹುಡುಗನ ಮನಸ್ಸು ಯಂತ್ರಗಳ ಕಡೆಗಿತ್ತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪಾಲಿಟೆಕ್ನಿಕ್ ಸೇರಿದ ಅವರಿಗೆ ಉಷ್ಣದ ನಿಯಮಗಳನ್ನು ರೂಪಿಸಿದ ಮಹಾ ವಿಜ್ಞಾನಿ ಕ್ಲಾಸಿಯಸ್ ಅವರೇ ಗುರುವಾಗಿ ಸಿಕ್ಕರು.

1864ರಲ್ಲಿ ಒಂದು ತೊಂದರೆ ಎದುರಾಯಿತು. ವಿದ್ಯಾರ್ಥಿಗಳ ಪ್ರತಿಭಟನೆಯಲ್ಲಿ ಭಾಗವಹಿಸಿದ್ದಕ್ಕಾಗಿ ಅವರನ್ನು ಸಂಸ್ಥೆಯಿಂದ ಹೊರಹಾಕಲಾಯಿತು. ಪದವಿ ಕೈಗೆ ಬರಲಿಲ್ಲ. ಆದರೆ ಕಲಿತ ವಿದ್ಯೆಯನ್ನು ಯಾರೂ ಕಿತ್ತುಕೊಳ್ಳಲಾರರಲ್ಲವೇ? ಗುರುಗಳೊಬ್ಬರ ನೆರವಿನಿಂದ ನೂಲಿನ ಗಿರಣಿಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಮುಂದೆ ರೈಲು ಎಂಜಿನ್ ತಯಾರಿಸುವ ಕಾರ್ಖಾನೆಗಳಲ್ಲಿ ದುಡಿದರು. 1868ರಲ್ಲಿ ಮ್ಯೂನಿಕ್‌ನಲ್ಲಿ ಹೊಸದಾಗಿ ಆರಂಭವಾದ ತಾಂತ್ರಿಕ ವಿದ್ಯಾಲಯದಲ್ಲಿ ಅವರಿಗೆ ಅಧ್ಯಾಪಕ ಹುದ್ದೆ ದೊರೆಯಿತು. ಆಗ ಅವರ ವಯಸ್ಸು ಕೇವಲ 26. ಡೀಸೆಲ್ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಅಲ್ಲಿ ಲಿಂಡೆಯವರ ಶಿಷ್ಯರಾಗಿದ್ದರು.

ತಂಪು ಎಲ್ಲಿಂದ ಬರುತ್ತದೆ?

ಅಂದಿನ ದಿನಗಳಲ್ಲಿ ತಂಪು ಬೇಕೆಂದರೆ ಮಂಜುಗಡ್ಡೆಯೇ ಗತಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಗಡ್ಡೆ ಕೊಯ್ದು, ಬೇಸಿಗೆಗೆಂದು ಕೂಡಿಡುತ್ತಿದ್ದರು. ಅಮೆರಿಕದ ಮಂಜುಗಡ್ಡೆ 1833ರಲ್ಲಿ ಹಡಗೇರಿ ನಮ್ಮ ಕಲ್ಕತ್ತೆಗೂ ಬಂದಿತ್ತು! ಚಳಿ ಸಾಕಷ್ಟು ಬೀಳದ ವರ್ಷ ಮಂಜುಗಡ್ಡೆಗೆ ಬರ.

ತಂಪು ಮಾಡುವ ಯಂತ್ರಗಳು ಆಗಲೂ ಇದ್ದವು. 1834ರಲ್ಲೇ ಜೇಕಬ್ ಪರ್ಕಿನ್ಸ್ ಎಂಬುವರು ಇಂಗ್ಲೆಂಡಿನಲ್ಲಿ ಒಂದಕ್ಕೆ ಹಕ್ಕುಪತ್ರ ಪಡೆದಿದ್ದರು. ಯಂತ್ರಕ್ಕೆ ಎಷ್ಟು ಶಕ್ತಿ ಕೊಟ್ಟರೆ ಎಷ್ಟು ಶಾಖ ಹೊರಹೋಗಬೇಕು, ಅದರಲ್ಲಿ ನಷ್ಟವೆಷ್ಟು ಎಂಬ ಲೆಕ್ಕವನ್ನು ಲಿಂಡೆ ಕೂಲಂಕಷವಾಗಿ ಮಾಡಿದರು. 1870 ಮತ್ತು 1871ರಲ್ಲಿ ಅದನ್ನು ಲೇಖನಗಳಾಗಿ ಪ್ರಕಟಿಸಿದರು.

ತತ್ವ ಬಹಳ ಸರಳ. ಸ್ನಾನ ಮಾಡಿ ಬಂದು ಗಾಳಿಗೆ ನಿಂತರೆ ಮೈ ಚಳಿಯಾಗುತ್ತದೆ. ಮೈಮೇಲಿನ ನೀರು ಆವಿಯಾಗುವಾಗ ದೇಹದ ಶಾಖವನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಫ್ರಿಜ್ಜಿನಲ್ಲೂ ಕೊಳವೆಯೊಳಗಿನ ದ್ರವ ಆವಿಯಾಗುತ್ತಾ ಒಳಗಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಸಂಪೀಡಕ ಯಂತ್ರ ಒತ್ತುತ್ತದೆ. ಆವಿ ಬಿಸಿಯಾಗಿ, ಶಾಖವನ್ನು ಹೊರಗೆ ಬಿಟ್ಟು, ಮತ್ತೆ ದ್ರವವಾಗುತ್ತದೆ. ಹೀಗೆ ಒಂದೇ ದ್ರವ ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಫ್ರಿಜ್ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಇದನ್ನು ನೆನಪಿಡಿ.

ಮೊದಲ ಯಂತ್ರ ಸೋತಿತು

ಲೆಕ್ಕ ಸರಿಯಿದ್ದ ಮಾತ್ರಕ್ಕೆ ಯಂತ್ರ ಓಡುವುದಿಲ್ಲ. ಮ್ಯೂನಿಕ್‌ನ ಬಿಯರ್ ಕಾರ್ಖಾನೆಯೊಂದರಲ್ಲಿ ಮೊದಲ ಯಂತ್ರದ ಪರೀಕ್ಷೆ ನಡೆಯಿತು. ಅದರಲ್ಲಿ ಬಳಸಿದ್ದು ಮೀಥೈಲ್ ಈಥರ್ ಎಂಬ ಅನಿಲ. ಅದು ಸಂದುಗಳಿಂದ ಸೋರುತ್ತಿತ್ತು. ಸೋರಿದರೆ ಸ್ಫೋಟದ ಅಪಾಯ. ಲಿಂಡೆ ಕೈಬಿಡಲಿಲ್ಲ. ಮತ್ತೆ ವಿನ್ಯಾಸ ಬದಲಿಸಿದರು. ಅನಿಲವನ್ನೂ ಬದಲಿಸಿ ಅಮೋನಿಯಾ ಆರಿಸಿಕೊಂಡರು. ಅಮೋನಿಯಾ -33 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗುತ್ತದೆ. ಆವಿಯಾಗುವಾಗ ಬಹಳಷ್ಟು ಶಾಖ ಹೀರುತ್ತದೆ. 1876ರಲ್ಲಿ ಅವರ ಅಮೋನಿಯಾ ಯಂತ್ರ ಸಿದ್ಧವಾಯಿತು, ಗೆದ್ದಿತು.

1879ರಲ್ಲಿ ಲಿಂಡೆ ಪ್ರಾಧ್ಯಾಪಕ ಹುದ್ದೆ ಬಿಟ್ಟು ಸ್ವಂತ ಕಂಪನಿ ಆರಂಭಿಸಿದರು. ಭದ್ರ ಕೆಲಸ ಬಿಡುವುದು ಸಣ್ಣ ನಿರ್ಧಾರವಲ್ಲ. 1883-84ರಲ್ಲಿ ಯೂರೋಪಿನಲ್ಲಿ ಚಳಿ ಕಡಿಮೆಯಾಯಿತು, ಮಂಜುಗಡ್ಡೆ ಸಿಗಲಿಲ್ಲ. ಆಗ ಅವರ ಯಂತ್ರಕ್ಕೆ ಬೇಡಿಕೆ ಏರಿತು.

ಗಾಳಿಯೇ ದ್ರವವಾದಾಗ

1895ರಲ್ಲಿ ಲಿಂಡೆ ಗಾಳಿಯನ್ನೇ ತಂಪು ಮಾಡುತ್ತಾ ದ್ರವವಾಗಿಸಿದರು. ಅದಕ್ಕೆ -190 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಾಪ ಬೇಕು. ದ್ರವ ನೈಟ್ರೋಜನ್ -196 ಡಿಗ್ರಿಯಲ್ಲಿ ಕುದಿದರೆ, ದ್ರವ ಆಕ್ಸಿಜನ್ -183 ಡಿಗ್ರಿಯಲ್ಲಿ ಕುದಿಯುತ್ತದೆ. ಈ ವ್ಯತ್ಯಾಸ ಬಳಸಿ 1902ರಲ್ಲಿ ಆಕ್ಸಿಜನ್ನನ್ನು ಬೇರ್ಪಡಿಸಿದರು. 2021ರ ಕೊರೊನಾ ಅಲೆಯಲ್ಲಿ ದ್ರವ ಆಕ್ಸಿಜನ್ ಹೊತ್ತ ಟ್ಯಾಂಕರುಗಳಿಗಾಗಿ ಆಸ್ಪತ್ರೆಗಳು ಕಾದದ್ದನ್ನು ನಿಮ್ಮ ಮನೆಯವರು ಹೇಳಿಯಾರು. ಆ ಆಕ್ಸಿಜನ್ ಕೂಡ ಗಾಳಿಯನ್ನು ದ್ರವವಾಗಿಸಿ ಬೇರ್ಪಡಿಸಿದ್ದೇ. ಲಿಂಡೆ 1934ರಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಲಿಂಡೆಯವರ ಲೆಕ್ಕ ನಿಮ್ಮ ಮನೆಯಲ್ಲಿ

ಫ್ರಿಜ್ ಶಾಖ ಸಾಗಿಸುವ ಯಂತ್ರ ಎಂದು ತಿಳಿದ ಮೇಲೆ ಅದನ್ನು ಬಳಸುವ ಕ್ರಮವೂ ತಾನಾಗಿ ತಿಳಿಯುತ್ತದೆ.

* ಕುದಿಯುವ ಸಾರನ್ನು ಒಳಗಿಟ್ಟರೆ ಯಂತ್ರಕ್ಕೆ ಹೊರೆ ಹೆಚ್ಚು. ಬಿಸಿ ಆರಿಸಿ, ಮುಚ್ಚಳ ಹಾಕಿ, ಎರಡು ಗಂಟೆಯೊಳಗೆ ಇಡಿ.
* ಫ್ರಿಜ್ಜನ್ನು ಗೋಡೆಗೆ ಒತ್ತರಿಸಬೇಡಿ. ಹೊರಬಂದ ಶಾಖ ಹೋಗಲು ಜಾಗ ಬೇಕು.
* ಪಾತ್ರೆಗಳನ್ನು ಕಿಕ್ಕಿರಿದು ತುಂಬಬೇಡಿ. ತಂಪು ಗಾಳಿ ಸುತ್ತಾಡಬೇಕು.
* ಬಾಗಿಲ ಬಳಿ ತಂಪು ಕಡಿಮೆ. ಹಾಲನ್ನು ಒಳಗಿನ ಅಟ್ಟದಲ್ಲಿಡಿ.
* ಹಸಿ ಮೀನು, ಮಾಂಸವನ್ನು ಕೆಳಗಿಡಿ. ಅದರ ನೀರು ಬೇಯಿಸಿದ ಆಹಾರದ ಮೇಲೆ ತೊಟ್ಟಿಕ್ಕಬಾರದು.
* ಬಾಗಿಲಿನ ರಬ್ಬರ್ ಪಟ್ಟಿಯನ್ನು ಒರೆಸಿ ಚೊಕ್ಕಟವಾಗಿಡಿ. ಸಂದಿದ್ದರೆ ಹೊರಗಿನ ಬಿಸಿ ಒಳನುಗ್ಗುತ್ತದೆ.
* ಕರೆಂಟು ಹೋದರೆ ಬಾಗಿಲು ತೆರೆಯಬೇಡಿ. ಮುಚ್ಚಿದ್ದರೆ ಸುಮಾರು 4 ಗಂಟೆ ತಂಪು ಉಳಿಯುತ್ತದೆ.

ಒಂದು ಎಚ್ಚರಿಕೆ. ಫ್ರಿಜ್ಜಿನ 4 ಡಿಗ್ರಿ ತಂಪಿನಲ್ಲಿ ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ಅವುಗಳ ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೇ. ವಾರದ ಹಿಂದಿನ ಸಾಂಬಾರು ಫ್ರಿಜ್ಜಿನಲ್ಲಿತ್ತು ಎಂದು ನಂಬಿ ಉಣ್ಣಬೇಡಿ.

ಮಾಡಿ ನೋಡಿ

ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ. ಒಂದಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಇನ್ನೊಂದನ್ನು ಹಾಗೆಯೇ ಬಿಡಿ. ಎರಡನ್ನೂ ಗಾಳಿಯಾಡುವ ನೆರಳಿನಲ್ಲಿಡಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಒಂದು ಗಂಟೆಯ ನಂತರ ಶಾಲೆಯ ಉಷ್ಣತಾಮಾಪಕದಿಂದ ಎರಡರ ತಾಪವನ್ನೂ ಅಳೆದು ಬರೆದುಕೊಳ್ಳಿ. ಯಾವುದು ತಂಪು? ಆ ಶಾಖ ಎಲ್ಲಿಗೆ ಹೋಯಿತು? ಗೆಳೆಯರೊಂದಿಗೆ ಚರ್ಚಿಸಿ. ಮಳೆಗಾಲದಲ್ಲಿ ಇದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿ. ಫಲಿತಾಂಶ ಬೇರೆ ಬಂದರೆ ಕಾರಣವನ್ನು ಹುಡುಕಿ.